ಎರಿ ಮಣ್ಣಿನ ಅಂಗಳಕ್ಕೆ ಹೂಗಿಡ: ಲೆಕ್ಕ ಬೇಸಿಗೆಯಿಂದ ಶುರುವಾಗಲಿ

ನರ್ಸರಿಗೆ ಹೆಚ್ಚಿನವರು ಹೋಗುವುದು ದೀಪಾವಳಿ ಆದಮೇಲೆ. ಆಗ ಸೇವಂತಿಗೆ, ಗುಲಾಬಿ, ಡೇಲಿಯಾ ಎಲ್ಲ ಅರಳಿ ನಿಂತಿರುತ್ತವೆ. ಕಣ್ಣಿಗೆ ಹಿಡಿಸಿದ್ದನ್ನು ತಂದು ನೆಡುತ್ತಾರೆ. ಜನವರಿಯಲ್ಲಿ ಅಂಗಳ ತುಂಬ ಹೂ, ಏಪ್ರಿಲ್‌ನಲ್ಲಿ ಒಣ ಕಡ್ಡಿ. ವಿಜಯಪುರದ ಕಡೆ ಚಳಿಗಾಲದ ಹೂವಿಗೆ ಹೆಚ್ಚು ಕಷ್ಟಪಡಬೇಕಿಲ್ಲ. ಬಿಸಿಲು 40 ಡಿಗ್ರಿ ದಾಟಿ ಬೋರ್ ನೀರು ಇಳಿಯುವ ಏಪ್ರಿಲ್-ಮೇ ತಿಂಗಳಲ್ಲಿ ಏನು ಅರಳಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಉಳಿದದ್ದು ಆಮೇಲೆ.

ಅದಕ್ಕೂ ಮುಂಚೆ ಮಣ್ಣು ನೋಡಿ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಅದು ಅಪ್ಪಟ ಎರಿ, ಅಂದರೆ ನೀರು ಹಿಡಿದಿಡುವ ಜಿಗುಟು ಕಪ್ಪು ಮಣ್ಣು. ಇಂಥ ಕಡೆ ಎಲ್ಲರೂ ಮಾಡುವ ತಪ್ಪೆಂದರೆ ಎರಡಡಿ ಗುಂಡಿ ತೋಡಿ, ತಳಕ್ಕೆ ಇಟ್ಟಿಗೆ ಚೂರು ಹಾಕಿ, ಕೆಂಪು ಮಣ್ಣು ತುಂಬಿ ನೆಡುವುದು. ಸುತ್ತಲಿನ ಎರಿ ನೀರನ್ನು ಬೇಗ ಹೀರುವುದಿಲ್ಲ, ಗುಂಡಿ ಬೋಗುಣಿಯಾಗುತ್ತದೆ. ಸೆಪ್ಟೆಂಬರ್ ಮಳೆಗೆ ಬೇರು ಕೊಳೆತು ಎಲೆ ಹಳದಿಯಾಗುತ್ತದೆ. ನೀರು ಸಾಲದೆಂದು ಇನ್ನೊಂದು ಕೊಡ ಸುರಿದರೆ ಗಿಡ ಮುಗಿಯಿತು. ಗುಂಡಿಯ ಬದಲು ಮೂರಡಿ ಅಗಲ, ಒಂದಡಿ ಎತ್ತರದ ಏರುಮಡಿ ಮಾಡಿ. ಮೇಲ್ಮಣ್ಣು ಎರಡು ಪಾಲು, ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು. ಸಸಿಯ ಚೀಲದಲ್ಲಿ ಮಣ್ಣು ಎಷ್ಟು ಎತ್ತರಕ್ಕಿತ್ತೋ ಅಷ್ಟೇ ಆಳಕ್ಕೆ ಕೂರಿಸಿ; ಕಾಂಡವನ್ನು ಹೂಳಬೇಡಿ.

ಬೇಸಿಗೆಯ ಬಣ್ಣಕ್ಕೆ ಒಂದು ಮರ, ಒಂದು ಬಳ್ಳಿ, ಒಂದೆರಡು ಪೊದೆ ಸಾಕು. ಸಣ್ಣ ಸೈಟಿಗೆ ಗುಲ್‌ಮೊಹರ್ ಬೇಡ. ಅದರ ಬೇರು ಮೇಲೆಯೇ ಹರಡಿ ಕಂಪೌಂಡ್ ಎತ್ತುತ್ತದೆ, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಬೀಳುತ್ತವೆ. ಕಕ್ಕೆ ಮರ ಗೋಡೆಯಿಂದ 10-12 ಅಡಿ ದೂರದಲ್ಲಿದ್ದರೆ ನಡೆಯುತ್ತದೆ. ಬಹುಪಾಲು ಎಲೆ ಉದುರಿಸಿ ಏಪ್ರಿಲ್-ಮೇನಲ್ಲಿ ಹಳದಿ ಗೊಂಚಲು ಇಳಿಬಿಡುತ್ತದೆ.

ಬಳ್ಳಿಗೆ ಕಾಗದದ ಹೂವಿಗಿಂತ ಒಳ್ಳೆಯದು ಇಲ್ಲಿಗೆ ಇನ್ನೊಂದಿಲ್ಲ. ನಾವು ಹೂ ಎನ್ನುವುದು ಅದರ ಬಣ್ಣದ ಎಲೆ, ನಿಜವಾದ ಹೂ ನಡುವಿನ ಸಣ್ಣ ಬಿಳಿ ಕೊಳವೆ. ನೀರಿನ ಕೊರತೆಯೇ ಅದಕ್ಕೆ ಅರಳುವ ಸೂಚನೆ. ದಿನಾ ನೀರು, ಕೈತುಂಬ ಯೂರಿಯಾ ಕೊಟ್ಟರೆ ಹಸಿರು ಎಲೆ ಮಾತ್ರ ಸಿಗುತ್ತದೆ. ಮಳೆ ನಿಂತಮೇಲೆ ಅಕ್ಟೋಬರ್‌ನಲ್ಲಿ ಉದ್ದ ಬೆಳೆದ ರೆಂಬೆಗಳನ್ನು ಮೂರನೇ ಒಂದು ಭಾಗ ಕತ್ತರಿಸಿ. ಮುಂದೆ ಎಲೆ ತುಸು ಬಾಡಿದಾಗಷ್ಟೇ ನೀರು ಕೊಡಿ. ಬಿಸಿಲು ಆರು ತಾಸಿಗಿಂತ ಕಡಿಮೆಯಿದ್ದ ಕಡೆ ನೆಡಬೇಡಿ.

ಪೊದೆಗಳಲ್ಲಿ ಕಣಗಿಲೆ ಸವುಳು ನೀರನ್ನೂ ತಡೆಯುತ್ತದೆ, ಆಡು ಮುಟ್ಟುವುದಿಲ್ಲ. ಆದರೆ ಗಿಡದ ಎಲ್ಲ ಭಾಗವೂ ವಿಷ. ಸಣ್ಣ ಮಕ್ಕಳಿರುವ, ದನ ಕಟ್ಟುವ ಮನೆಯಲ್ಲಿ ಬೇಡವೇ ಬೇಡ. ಅಲ್ಲಿ ದೇವಕಣಗಿಲೆ ಹಾಕಿ, ಅದರ ಹಾಲು ಮಾತ್ರ ಕಣ್ಣಿಗೆ, ಕೈಗೆ ತಾಗದಂತೆ ನೋಡಿಕೊಳ್ಳಿ. ಫೆಬ್ರವರಿ-ಮಾರ್ಚ್‌ನಲ್ಲಿ ಒಂದೂವರೆ ಅಡಿಯ ಕೊಂಬೆ ಕತ್ತರಿಸಿ, ವಾರ-ಹತ್ತು ದಿನ ನೆರಳಲ್ಲಿಟ್ಟು ಹಾಲು ಆರಿದ ಮೇಲೆ ನೆಡಬೇಕು. ಹಸಿ ಕೊಂಬೆ ನೆಟ್ಟರೆ ಬುಡ ಕೊಳೆಯುತ್ತದೆ.

ದುಂಡು ಮಲ್ಲಿಗೆಯ ಬೇಸಿಗೆ ಹೂ ತಯಾರಾಗುವುದು ನವೆಂಬರ್‌ನಲ್ಲಿ. ನೀರು ನಿಲ್ಲಿಸಿ, ತಿಂಗಳ ಕೊನೆಗೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರಿ, ಬುಡ ಬಿಡಿಸಿ ಬುಟ್ಟಿ ತುಂಬ ಗೊಬ್ಬರ ಕೊಟ್ಟು ಮತ್ತೆ ನೀರು ಹಾಯಿಸಿ. ಮಾರ್ಚ್‌ನಿಂದ ಮೊಗ್ಗು.

ಬೇಸಿಗೆಯಲ್ಲಿ ಎರಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಶಿವರಾತ್ರಿ ಹೊತ್ತಿಗೇ ಬುಡಕ್ಕೆ ಮೂರು ಇಂಚು ದಪ್ಪ ಕಬ್ಬಿನ ರವದಿ (ಒಣಗಿದ ಎಲೆ) ಹರಡಿ. ಕಾಂಡಕ್ಕೆ ತಾಗದಂತೆ ಮೂರು ಇಂಚು ಜಾಗ ಬಿಡಿ.

ಮಳೆಗಾಲದ ಕೆಲಸ ಹಗುರ. ರೇನ್ ಲಿಲಿ ಗಡ್ಡೆ ದಾರಿಯ ಅಂಚಿಗೆ ಹೂತಿಟ್ಟರೆ ಮಳೆ ಬಿದ್ದ ಕೆಲವೇ ದಿನದಲ್ಲಿ ತಾನೇ ಏಳುತ್ತದೆ. ಜೂನ್‌ನಲ್ಲಿ ಜಿನಿಯಾ, ಕಾಸ್ಮಾಸ್ ಬೀಜ ಚೆಲ್ಲಿ.

ಚೆಂಡು ಹೂವಿಗೆ ದಿನ ಎಣಿಸಲೇಬೇಕು. ಬೀಜದಿಂದ ಸಸಿಗೆ 25-30 ದಿನ, ನಾಟಿಯಿಂದ ಹೂವಿಗೆ ಸುಮಾರು 60 ದಿನ. ದಸರೆಗೆ ಬೇಕಿದ್ದರೆ ಹಬ್ಬಕ್ಕೆ ಮೂರು ತಿಂಗಳು ಮುಂಚೆ ಬಿತ್ತಿ, ದೀಪಾವಳಿಗೆ ಇಪ್ಪತ್ತು ದಿನ ಬಿಟ್ಟು ಇನ್ನೊಂದು ಮಡಿ. ಅಂತರ ಒಂದೂವರೆ ಅಡಿ. ನಾಟಿಯಾಗಿ ತಿಂಗಳಿಗೆ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ, ಆದರೆ ಹೂ ವಾರ-ಹತ್ತು ದಿನ ತಡವಾಗುತ್ತದೆ. ಆ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿ.

ಸೇವಂತಿಗೆ ರಾತ್ರಿ ಉದ್ದವಾದಂತೆ ಮೊಗ್ಗು ಕಟ್ಟುವ ಗಿಡ. ಬೀದಿ ದೀಪದ ಬೆಳಕು ನೇರ ಬೀಳುವ ಕಡೆ ನೆಟ್ಟರೆ ಎಷ್ಟು ಗೊಬ್ಬರ ಹಾಕಿದರೂ ಬರೀ ಎಲೆ ಬೆಳೆಯುತ್ತದೆ. ಮನೆಯ ಹಿಂದೆ, ರಾತ್ರಿ ಕತ್ತಲಾಗುವ ಮಡಿ ಅದಕ್ಕಿರಲಿ. ಗುಲಾಬಿಯನ್ನು ಅಕ್ಟೋಬರ್ ನಡುವೆ ಸವರಿದರೆ ಒಂದೂವರೆ ತಿಂಗಳಲ್ಲಿ ಹೂ.

ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ದಾಸವಾಳ, ಗುಲಾಬಿ, ಮಲ್ಲಿಗೆಯಲ್ಲಿ ಬೇಗ ಕಾಣುತ್ತದೆ. ಸುಣ್ಣದಂಶದ ಎರಿಯಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಬುಡಕ್ಕೆ ಹಾಕಿದ್ದೂ ಹಾಗೇ ಕಟ್ಟಿಕೊಳ್ಳುತ್ತದೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನಕ್ಕೊಮ್ಮೆ, ಮೂರು ಸಲ. ಇದೇ ಕಾರಣಕ್ಕೆ ಇಕ್ಸೋರಾ ಇಲ್ಲಿ ಸದಾ ಸೊರಗುತ್ತದೆ. ಇಲ್ಲಿಯ ಎರಡು ಪಟ್ಟು ಮಳೆ, ಕೆಂಪು ಮಣ್ಣು ಇರುವ ಬೆಳಗಾವಿ ನಗರದಲ್ಲಿ ಅದು ಸುಲಭವಾಗಿ ಬರುತ್ತದೆ. ಅಲ್ಲಿ ಕಂಡದ್ದೆಲ್ಲ ಇಲ್ಲಿಗೆ ತರಬೇಡಿ.

ಕಕ್ಕೆ ಹೂ ಬಿಡಲು ಕೆಲವು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಬುಡದಿಂದ ಎರಡಡಿ ಬಿಟ್ಟು ಸುತ್ತಲೂ ನಿತ್ಯಪುಷ್ಪ ಹಾಕಿ. ವಾರಕ್ಕೆರಡು ಸಲ ನೀರು ಸಿಕ್ಕರೂ ಬೇಸಿಗೆ ದಾಟುತ್ತದೆ.