ಬ್ಯಾಂಡಿನ ಗಿಟಾರಿಸ್ಟ್ ಪ್ರೊಡ್ಯೂಸರ್ ಆಗಬೇಕೆಂದರೆ

ವರ್ಷಗಟ್ಟಲೆ ರಾಕ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸಿದ್ದೀರಿ. ಈಗ ಹಾಡು ಬರೆಯಬೇಕು, ಬೇರೆಯವರ ಹಾಡು ಪ್ರೊಡ್ಯೂಸ್ ಮಾಡಬೇಕು (ಅಂದರೆ ರೆಕಾರ್ಡಿಂಗ್ ಹೇಗೆ ಕೇಳಬೇಕು ಅಂತ ತೀರ್ಮಾನಿಸಿ ಮಾಡಿಸಬೇಕು) ಅನ್ನಿಸಿದೆ. ಹಾಗಾದರೆ ಮೊದಲು ಕಲಿಯಬೇಕಾದ್ದು ಸಾಫ್ಟ್‌ವೇರ್ ಅಲ್ಲ, ಸುಮ್ನೆ ಇರೋದು. ಎಲ್ಲಿ ಖಾಲಿ ಜಾಗ ಕಂಡರೂ ಅಲ್ಲೊಂದು ಲಿಕ್, ಅಂದರೆ ಗಿಟಾರಿನ ಪುಟ್ಟ ತುಣುಕು, ತುರುಕುವ ಚಟ ನಮಗೆಲ್ಲ ಇದೆ (ನನಗೆ ಇನ್ನೂ ಪೂರ್ತಿ ಬಿಟ್ಟಿಲ್ಲ). ಆ ಜಾಗ ಹಾಡುವವರದ್ದು.

ಹೀಗೆ ಮಾಡಿ ನೋಡಿ. ನಿಮ್ಮ ಇಷ್ಟದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಒಂದನ್ನು ತೆಗೆದುಕೊಳ್ಳಿ. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಬೇಡ. ಅಕೂಸ್ಟಿಕ್ ಗಿಟಾರಿನಲ್ಲಿ ಅದರ ಮೂರ್ನಾಲ್ಕು ಕಾರ್ಡ್ಸ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಮಾತ್ರ ಹಿಡಿದು, ಮೇಲೆ ಬಾಯಿಗೆ ಬಂದದ್ದನ್ನು ಗುನುಗಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮರುದಿನ ಫೋನ್ ಮುಟ್ಟದೆಯೇ ಆ ಟ್ಯೂನ್ ನೆನಪಿಗೆ ಬಂತಾ? ಹಾಡು ಸಿಕ್ಕಿತು. ಬರಲಿಲ್ಲವಾ? ಇನ್ನೂ ರಿಫ್ಫೇ.

ಶ್ರುತಿ ವಿಷಯದಲ್ಲೂ ನಾವು ಸೋಮಾರಿಗಳು. ಬೆರಳಿಡದೆ ಮೀಟುವ ಬಿಟ್ಟ ತಂತಿಗಳು ಸಿಗುತ್ತವೆ ಅಂತ ಎಲ್ಲವನ್ನೂ ಇ ಅಥವಾ ಎ ಶ್ರುತಿಯಲ್ಲೇ ಬರೆಯುತ್ತೇವೆ. ಹಾಡುವವರ ಗಂಟಲಿಗೆ ನಿಮ್ಮ ತಂತಿಯ ಹಂಗಿಲ್ಲ. ಪಲ್ಲವಿಯ ಅತಿ ಎತ್ತರದ ಸ್ವರ ಅವರಿಗೆ ಎಲ್ಲಿ ಆರಾಮಾಗಿ ಸಿಗುತ್ತದೆ ಅಂತ ಮೊದಲು ಹಾಡಿಸಿ ನೋಡಿ, ಆಮೇಲೆ ಕ್ಯಾಪೋ (ತಂತಿಗಳನ್ನು ಒತ್ತಿ ಶ್ರುತಿ ಏರಿಸುವ ಕ್ಲಿಪ್) ಎಲ್ಲಿ ಹಾಕಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ಪ್ರೊಡಕ್ಷನ್ ಕಲಿಯಲು ಬೇರೆಯವರ ರೆಕಾರ್ಡಿಂಗ್‌ನಲ್ಲಿ ದುಡ್ಡಿಗೆ ನುಡಿಸುವುದು ಒಳ್ಳೆಯ ದಾರಿ. ಜಿಮ್ಮಿ ಪೇಜ್ 1960ರ ದಶಕದಲ್ಲಿ ಲಂಡನ್ನಿನಲ್ಲಿ ಸೆಷನ್ ಗಿಟಾರಿಸ್ಟ್ ಆಗಿದ್ದರು, ಸ್ಟುಡಿಯೋ ಕೆಲಸ ಹೇಗೆ ನಡೆಯುತ್ತದೆ ಅನ್ನೋದನ್ನು ಅಲ್ಲೇ ನೋಡಿ ಕಲಿತರು. 1968ರಲ್ಲಿ ತಮ್ಮ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ನ ಮೊದಲ ಆಲ್ಬಂ ತಾವೇ ಪ್ರೊಡ್ಯೂಸ್ ಮಾಡಿದಾಗ, ಹತ್ತಿರದ ಮೈಕಿನ ಜೊತೆ ದೂರದಲ್ಲೂ ಮೈಕ್ ಇಟ್ಟು ಕೋಣೆಯ ಸದ್ದನ್ನೂ ಹಿಡಿದರು. ಪೇಜ್ ಅವರೇ ಹೇಳಿದ ಲೆಕ್ಕದಲ್ಲಿ ಆಲ್ಬಂ ಮುಗಿಯಲು ಹಿಡಿದದ್ದು ಸುಮಾರು 36 ಗಂಟೆ. ಮಾಯೆ ಏನಿಲ್ಲ, ಅದಕ್ಕೂ ಮೊದಲು ಸ್ಕ್ಯಾಂಡಿನೇವಿಯಾ ಟೂರಿನಲ್ಲಿ ಬ್ಯಾಂಡ್ ಆ ಹಾಡುಗಳನ್ನು ಪಳಗಿಸಿಕೊಂಡು ಬಂದಿತ್ತು. ಸ್ಟುಡಿಯೋ ಬಾಡಿಗೆ ಓಡುತ್ತಿರುವಾಗ ಚರಣ ಎಷ್ಟು ಸಲ ಬರಬೇಕು ಅಂತ ಚರ್ಚೆ ಮಾಡುವವರು ಇದನ್ನು ಗಮನಿಸಬೇಕು!

ಗಿಟಾರ್ ರೆಕಾರ್ಡ್ ಮಾಡುವಾಗ ಹೊಸಬರು ಒಂದು ತಪ್ಪು ಮಾಡೇ ಮಾಡುತ್ತಾರೆ. ಸದ್ದು ಅಗಲವಾಗಿ ಕೇಳಬೇಕು ಅಂತ ಒಂದೇ ಟ್ರ್ಯಾಕನ್ನು ಕಾಪಿ ಮಾಡಿ ಎಡಕ್ಕೊಂದು ಬಲಕ್ಕೊಂದು ಇಡುತ್ತಾರೆ. ಎರಡೂ ಕಿವಿಗೆ ಒಂದೇ ಸದ್ದು ಬಿದ್ದರೆ ಅದು ನಡುವೆಯೇ ನಿಲ್ಲುತ್ತದೆ, ಜಾಸ್ತಿ ಜೋರಾಗುತ್ತದೆ ಅಷ್ಟೇ. ಅದೇ ಭಾಗವನ್ನು ಇನ್ನೊಮ್ಮೆ ನುಡಿಸಿ. ಎರಡು ಸಲದ ನಡುವೆ ಬೆರಳು ಮಾಡುವ ಕೂದಲೆಳೆಯ ವ್ಯತ್ಯಾಸವೇ ಆ ಅಗಲ. ಡಿಸ್ಟಾರ್ಷನ್ ಕೂಡ ಸ್ಟೇಜಿನಲ್ಲಿ ಇಡುವುದಕ್ಕಿಂತ ಕಮ್ಮಿ ಸಾಕು, ಎರಡು ಟ್ರ್ಯಾಕ್ ಸೇರಿದಾಗ ತಾನೇ ದಪ್ಪಗಾಗುತ್ತದೆ. ಗಿಟಾರಿನ ಅತಿ ಕೆಳಗಿನ ಸ್ವರ ಕೊಡುವ ದಪ್ಪ ಇ ತಂತಿ ಸುಮಾರು 82 ಹರ್ಟ್ಸ್, ಅದಕ್ಕಿಂತ ಕೆಳಗೆ ಉಳಿಯುವುದು ಬಹುಪಾಲು ಗದ್ದಲ. ಅದನ್ನು ಕತ್ತರಿಸಿ ಆ ಜಾಗ ಬೇಸ್ ಗಿಟಾರಿಗೆ ಬಿಟ್ಟುಕೊಡಿ.

ಇನ್ನು ದುಡ್ಡು. ಹಾಡಿನ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಬರೆದವರಿಗೆ ಮೊದಲನೆಯದರಲ್ಲಿ ಪಾಲು. ಪ್ರೊಡ್ಯೂಸರ್‌ಗೆ ಒಪ್ಪಂದ ಮಾಡಿಕೊಂಡಂತೆ ಒಂದು ಮೊತ್ತ, ಎರಡನೆಯದರ ಆದಾಯದಲ್ಲಿ ರಾಯಲ್ಟಿ, ಅಥವಾ ಎರಡೂ. ಬಿಗ್ ಬ್ಲ್ಯಾಕ್ ಬ್ಯಾಂಡಿನ ಗಿಟಾರಿಸ್ಟ್ ಸ್ಟೀವ್ ಆಲ್ಬಿನಿ, ನಿರ್ವಾಣಾ ಬ್ಯಾಂಡಿನ 1993ರ ಆಲ್ಬಂ ರೆಕಾರ್ಡ್ ಮಾಡಿಕೊಟ್ಟವರು, ರಾಯಲ್ಟಿಯೇ ಬೇಡ ಅಂತ ಒಂದೇ ಸಲದ ಸಂಬಳ ತೆಗೆದುಕೊಂಡರು. ಪ್ರೊಡ್ಯೂಸರ್ ಅಂತ ಕರೆಸಿಕೊಳ್ಳುವುದೂ ಅವರಿಗೆ ಇಷ್ಟವಿರಲಿಲ್ಲ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ, ನಿಮಗೂ ಈಗಲೇ ಬೇಡ.

ನಾಲ್ಕು ಜನ ಸೇರಿ ಹಾಡು ಕಟ್ಟಿದ ದಿನವೇ ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು ಶೇಕಡಾ ಅಂತ ಬರೆದು ಎಲ್ಲರ ಸಹಿ ಹಾಕಿಸಿ. ನಾನು ಒಮ್ಮೆ ಪಲ್ಲವಿಯ ಟ್ಯೂನ್ ಪೂರ್ತಿ ಮಾಡಿಕೊಟ್ಟು, ಗೆಳೆಯರಲ್ವಾ ಅಂತ ಸುಮ್ಮನಿದ್ದೆ. ಹಾಡು ಹೊರಬಂದಾಗ ನನ್ನ ಹೆಸರು ಇದ್ದದ್ದು 'ಗಿಟಾರ್' ಅನ್ನುವುದರ ಮುಂದೆ ಮಾತ್ರ. ಈಗ ಗಿಟಾರನ್ನು ಚೀಲಕ್ಕೆ ಹಾಕುವ ಮೊದಲು ಹಾಳೆ ತೆಗೆಯುತ್ತೇನೆ. ಕೇಳಲು ಮುಜುಗರ ಆಗುತ್ತದೆ, ನಿಜ. ಆದರೆ ಇದುವರೆಗೆ ಯಾರೂ ಸಹಿ ಹಾಕಲ್ಲ ಅಂದಿಲ್ಲ.