ನಡಾವಳಿ ಓದಿ ಕೊಂಡ ಮನೆ

ನ್ಯೂಯಾರ್ಕಿನಲ್ಲಿ ಮನೆ ಕೊಳ್ಳುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಗದಗಿನಲ್ಲಿದ್ದ ಅಪ್ಪ ಕೇಳಿದ ಮೊದಲ ಪ್ರಶ್ನೆ, ‘ಉತಾರ ಯಾರ ಹೆಸರಿನಲ್ಲಿ ಬರುತ್ತದೆ?’ ನನ್ನ ಹೆಸರಿನಲ್ಲಿ ಬರುವುದಿಲ್ಲ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ನಾನು ನೋಡುತ್ತಿದ್ದುದು ಕ್ವೀನ್ಸ್ ಭಾಗದ ಜಾಕ್ಸನ್ ಹೈಟ್ಸ್‌ನಲ್ಲಿ, ಒಂದೇ ಮಲಗುವ ಕೋಣೆಯ ಕೋ-ಆಪ್ ಮನೆ. ಕೋ-ಆಪ್ ಎಂದರೆ ಇಡೀ ಕಟ್ಟಡ ಒಂದು ಕಂಪನಿಯ ಸ್ವತ್ತು. ಕೊಳ್ಳುವವರು ಆ ಕಂಪನಿಯ ಷೇರುಗಳನ್ನು ಕೊಳ್ಳುತ್ತಾರೆ. ಷೇರುಗಳ ಜೊತೆಗೆ ಇಂಥ ಮನೆಯಲ್ಲಿ ವಾಸಿಸುವ ಹಕ್ಕು ಎಂದು ಒಂದು ಗುತ್ತಿಗೆ ಪತ್ರ ಬರುತ್ತದೆ, ಅದಕ್ಕೆ ಪ್ರೊಪ್ರೈಟರಿ ಲೀಸ್ ಎನ್ನುತ್ತಾರೆ. ಗೋಡೆ, ಚಾವಣಿ, ನೆಲ ಎಲ್ಲವೂ ಕಂಪನಿಯದು. ಇಷ್ಟನ್ನು ವಿವರಿಸಿದ ಕೂಡಲೇ ಅಪ್ಪನ ದನಿ ಬದಲಾಯಿತು. ‘ಹಾಗಾದರೆ ಅದು ನಮ್ಮ ಸೊಸೈಟಿಯ ಹಾಗೆಯೇ. ನಡಾವಳಿ ಪುಸ್ತಕ ನೋಡಿದೆಯಾ?’ ನಡಾವಳಿ ಎಂದರೆ ಸಭೆಗಳಲ್ಲಿ ನಡೆದ ಚರ್ಚೆ, ತೀರ್ಮಾನಗಳ ದಾಖಲೆ.

ಅಪ್ಪ ಊರಿನ ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದವರು. 1905ರಲ್ಲಿ ದೇಶಕ್ಕೆ ದಾರಿ ತೋರಿಸಿದ ಕಣಗಿನಹಾಳದ ಸಹಕಾರ ಸಂಘ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ ಎಂಬುದು ಅವರಿಗೆ ಇಂದಿಗೂ ಅಭಿಮಾನದ ಸಂಗತಿ. ಸಂಘದ ಆರೋಗ್ಯ ತಿಳಿಯಬೇಕಾದರೆ ಜಮಾ-ಖರ್ಚು ನೋಡಬೇಕು, ಸ್ವಭಾವ ತಿಳಿಯಬೇಕಾದರೆ ನಡಾವಳಿ ನೋಡಬೇಕು ಎನ್ನುತ್ತಿದ್ದರು. ಅವರ ಆ ಒಂದು ಪ್ರಶ್ನೆ ನನ್ನನ್ನು ದೊಡ್ಡ ನಷ್ಟದಿಂದ ಉಳಿಸಿತು.

2018ರ ವಸಂತದಲ್ಲಿ ನಾನು ಮೊದಲು ಮೆಚ್ಚಿದ ಮನೆ ಕಣ್ಣಿಗೆ ಹಬ್ಬದಂತಿತ್ತು. ಹೊಸ ಅಡುಗೆಮನೆ, ಹೊಳೆಯುವ ಓಕ್ ನೆಲ, ಕಿಟಕಿಯ ಆಚೆಗೆ ಹಸಿರು. ನಾನು ಹೇಳಿದ ಬೆಲೆಗೆ ಮಾರುವವರು ಒಪ್ಪಿದ್ದರು. ಇಲ್ಲಿ ಬಾಯಿಮಾತಿನ ಒಪ್ಪಿಗೆಗೆ ಕಟ್ಟುಪಾಡಿಲ್ಲ. ಕರಾರಿಗೆ ಸಹಿ ಹಾಕಿ ಹತ್ತು ಪ್ರತಿಶತ ಮುಂಗಡ ಕಟ್ಟಿದ ಮೇಲೆಯೇ ಇಬ್ಬರಿಗೂ ಹಿಡಿತ. ಅದಕ್ಕೆ ಮುಂಚಿನ ವಾರದಲ್ಲಿ ಕೊಳ್ಳುವವರ ವಕೀಲರು ಕಟ್ಟಡದ ಎರಡು ವರ್ಷದ ಲೆಕ್ಕಪತ್ರಗಳನ್ನೂ ಆಡಳಿತ ಮಂಡಳಿಯ ನಡಾವಳಿಗಳನ್ನೂ ಓದುತ್ತಾರೆ. ಸಾಮಾನ್ಯವಾಗಿ ವಕೀಲರೇ ಓದಿ ಸಾರಾಂಶ ಹೇಳುತ್ತಾರೆ. ನಾನೂ ಜೊತೆಗೆ ಬರುತ್ತೇನೆ ಎಂದು ಕೇಳಿಕೊಂಡೆ. ಕಟ್ಟಡದ ವ್ಯವಹಾರ ನೋಡಿಕೊಳ್ಳುವ ಕಚೇರಿಯ ಒಂದು ಮೂಲೆಯಲ್ಲಿ ಕುಳಿತು ಮೂರು ಗಂಟೆ ಓದಿದೆವು.

ಬಾಯ್ಲರ್, ಅಂದರೆ ಇಡೀ ಕಟ್ಟಡವನ್ನು ಬೆಚ್ಚಗಿಡುವ ಯಂತ್ರ, ಅದರ ಹೆಸರು ಬಾರದ ಸಭೆಯೇ ಇರಲಿಲ್ಲ. ಒಂದು ಸಭೆಯಲ್ಲಿ ‘ದುರಸ್ತಿ’, ಮುಂದಿನದರಲ್ಲಿ ‘ಮತ್ತೆ ದುರಸ್ತಿ’, ಅದರ ಮುಂದೆ ‘ಬದಲಾವಣೆಯ ವಿಚಾರ ಮುಂದೂಡಲಾಗಿದೆ’. ಮೇಲಿನ ಮಹಡಿಯವರು ಚಾವಣಿ ಸೋರುತ್ತಿದೆ ಎಂದು ಬರೆದ ಪತ್ರ ನಾಲ್ಕು ಬಾರಿ ಪ್ರಸ್ತಾಪವಾಗಿತ್ತು, ನಾಲ್ಕೂ ಬಾರಿ ಮುಂದೂಡಲಾಗಿತ್ತು. ಲೆಕ್ಕಪತ್ರ ತೆರೆದರೆ ಮೀಸಲು ನಿಧಿ ತೀರಾ ಸಣ್ಣದು. ಅದರ ಮೇಲೆ, ಇಡೀ ಕಟ್ಟಡದ ಮೇಲಿದ್ದ ಸಾಲದ ಅವಧಿ ಎರಡು ವರ್ಷದಲ್ಲಿ ಮುಗಿಯುತ್ತಿತ್ತು, ಹೊಸ ಬಡ್ಡಿಯಲ್ಲಿ ಮತ್ತೆ ಸಾಲ ಮಾಡಲೇಬೇಕಿತ್ತು. ಮಾಸಿಕ ನಿರ್ವಹಣಾ ಶುಲ್ಕ ಐದು ವರ್ಷದಿಂದ ಒಂದು ಡಾಲರೂ ಏರಿಲ್ಲ ಎಂದು ದಳ್ಳಾಳಿ ಹೆಮ್ಮೆಯಿಂದ ಹೇಳಿದ್ದು ಏಕೆಂದು ಆಗ ಅರ್ಥವಾಯಿತು. ಏರಿಸದೆ ಬಿಟ್ಟಿದ್ದನ್ನೆಲ್ಲ ಮುಂದೆ ಬರುವ ಷೇರುದಾರರ ತಲೆಯ ಮೇಲೆ ಒಮ್ಮೆಲೇ ಹೊರಿಸುತ್ತಾರೆ. ವರ್ಷಕ್ಕೆ ಎರಡು-ಮೂರು ಪ್ರತಿಶತ ಏರುತ್ತ ಬಂದ ಶುಲ್ಕವನ್ನೇ ನಾನು ನಂಬುತ್ತೇನೆ. ಹೊಳೆಯುವ ಆ ನೆಲವನ್ನು ಬಿಟ್ಟು ಬರುವಾಗ ಕಣ್ಣು ತುಂಬಿ ಬಂದಿತ್ತು.

ಎರಡನೆಯ ಮನೆ ಸಿಕ್ಕಿದ್ದು ಅದೇ ವರ್ಷದ ಶರತ್ಕಾಲದಲ್ಲಿ, 34ನೆಯ ಅವೆನ್ಯೂ ಹತ್ತಿರ. ಬೆಲೆ 3,85,000 ಡಾಲರ್. ಅಡುಗೆಮನೆ ಹಳೆಯದು, ಸ್ನಾನದ ಕೋಣೆಯ ಹಂಚುಗಳಲ್ಲಿ ಬಿರುಕು. ಆದರೆ ಜಾಕ್ಸನ್ ಹೈಟ್ಸ್‌ನ ಹಳೆಯ ಕಟ್ಟಡಗಳ ಸೊಗಸು ಬೀದಿಗೆ ಕಾಣುವುದೇ ಇಲ್ಲ. ಕ್ವೀನ್ಸ್‌ಬರೋ ಕಾರ್ಪೊರೇಷನ್ ಎಂಬ ಸಂಸ್ಥೆ 1910ರ ಮತ್ತು 1920ರ ದಶಕಗಳಲ್ಲಿ ಇಲ್ಲಿ ಕಟ್ಟಿದ್ದು ತೋಟದ ಮನೆಗಳನ್ನು. ಬೀದಿಗಳ ನಡುವಿನ ಜಾಗದ ಅಂಚಿಗೆ ಇಟ್ಟಿಗೆಯ ಕಟ್ಟಡಗಳು, ಅವುಗಳ ಬೆನ್ನಿಗೆ ಎಲ್ಲರಿಗೂ ಸೇರಿದ ಒಂದು ದೊಡ್ಡ ತೋಟ. ನಮ್ಮ ಕಡೆ ನಡುವೆ ಅಂಗಳ ಬಿಟ್ಟು ಸುತ್ತ ಕಟ್ಟುವ ವಾಡೆಯನ್ನು ನೆನೆಸಿಕೊಳ್ಳಿ. ಅಂಗಳದ ಜಾಗದಲ್ಲಿ ಹುಲ್ಲುಹಾಸು, ಡಾಗ್‌ವುಡ್, ಓಕ್ ಮರಗಳು. 1993ರಲ್ಲಿ ಈ ಭಾಗವನ್ನು ನಗರವು ಪಾರಂಪರಿಕ ಪ್ರದೇಶವೆಂದು ಘೋಷಿಸಿತು. ಹಾಗಾಗಿ ಕಿಟಕಿ ಬದಲಾಯಿಸಲೂ ಸರ್ಕಾರಿ ಅನುಮತಿ ಬೇಕು. ಇದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು.

ಇದೇ ಬೀದಿಗಳಲ್ಲಿ ಆ ಕಾಲದಲ್ಲಿ ಯಹೂದಿಗಳಿಗೂ ಕರಿಯರಿಗೂ ಮನೆ ಕೊಡುತ್ತಿರಲಿಲ್ಲ. 74ನೆಯ ಬೀದಿಯ ಅಂಗಡಿಗಳಲ್ಲಿ ಕರಿಬೇವು, ಜೋಳದ ಹಿಟ್ಟು ಕೊಂಡು ಬರುವಾಗ ನನಗೆ ಇದು ಆಗಾಗ ನೆನಪಾಗುತ್ತದೆ. ಜನಾಂಗ, ಧರ್ಮ, ಹುಟ್ಟಿದ ದೇಶ ನೋಡಿ ನಿರಾಕರಿಸುವುದು ಇಂದು ಕಾನೂನಿಗೆ ವಿರುದ್ಧ. ಆದರೂ ಕಾರಣ ಹೇಳದೆಯೇ ಕೊಳ್ಳುವವರ ಅರ್ಜಿಯನ್ನು ತಿರಸ್ಕರಿಸುವ ಅಧಿಕಾರ ಕೋ-ಆಪ್ ಮಂಡಳಿಗಳಿಗೆ ಉಳಿದಿದೆ. ಅದು ನನಗೆ ಸರಿ ಎನಿಸುವುದಿಲ್ಲ. ಕಾರಣ ಹೇಳಲಿ, ದಾಖಲಾಗಲಿ.

ಈ ಕಟ್ಟಡದ ನಡಾವಳಿಯಲ್ಲಿ ಜಗಳಗಳಿದ್ದವು, ಆದರೆ ಪ್ರತಿ ಜಗಳಕ್ಕೂ ಒಂದು ಕೊನೆಯಿತ್ತು. ಚಾವಣಿಯನ್ನು ಹೊಸದಾಗಿ ಮಾಡಿಸಿ, ಷೇರಿಗೆ ಇಷ್ಟು ಎಂದು ವಂತಿಗೆ ಎತ್ತಿ, ಲೆಕ್ಕ ಒಪ್ಪಿಸಿದ್ದರು. ತೋಟದ ಒಂದು ಮುದಿ ಓಕ್ ಮರ ವಾಲಿದೆ, ಕಡಿಯಬೇಕೋ ಬೇಡವೋ ಎಂದು ಮೂರು ಸಭೆಗಳಲ್ಲಿ ಚರ್ಚೆಯಾಗಿತ್ತು. ಮೊದಲನೆಯದರಲ್ಲಿ ಕಡಿಯುವ ಪ್ರಸ್ತಾಪ, ಎರಡನೆಯದರಲ್ಲಿ ಮರ ತಜ್ಞರ ವರದಿ, ಮೂರನೆಯದರಲ್ಲಿ ಉಕ್ಕಿನ ಹಗ್ಗ ಬಿಗಿದು ಉಳಿಸಿಕೊಳ್ಳುವ ತೀರ್ಮಾನ ಮತ್ತು ಅದರ ಖರ್ಚು. ಒಂದು ಮರಕ್ಕಾಗಿ ಮೂರು ಸಂಜೆ ಕುಳಿತು, ಕೊನೆಗೆ ದುಡ್ಡನ್ನೂ ಎತ್ತಿಟ್ಟ ಜನ ನನ್ನ ನೆರೆಯವರಾಗಲಿ ಎನಿಸಿತು. ಮರುದಿನ ಕರಾರಿಗೆ ಸಹಿ ಹಾಕಿದೆ.

ಮುಂದಿನದು ಮಂಡಳಿಯ ಒಪ್ಪಿಗೆ ಪಡೆಯಲು ಕಾಗದದ ಕೆಲಸ. ಎರಡು ವರ್ಷದ ತೆರಿಗೆ ವಿವರ, ಬ್ಯಾಂಕ್ ಲೆಕ್ಕ, ಉದ್ಯೋಗದಾತರ ಪತ್ರ, ಹಳೆಯ ಮನೆಯ ಮಾಲೀಕರ ಪತ್ರ, ಪರಿಚಿತರ ಶಿಫಾರಸು ಪತ್ರಗಳು ಎಲ್ಲ ಸೇರಿ 140 ಪುಟ. ಮಂಡಳಿ ನೋಡುವುದು ಮುಖ್ಯವಾಗಿ ಎರಡನ್ನು. ಸಾಲದ ಕಂತು ಮತ್ತು ನಿರ್ವಹಣಾ ಶುಲ್ಕ ಕೂಡಿ ಆದಾಯದ ಸುಮಾರು 28 ಪ್ರತಿಶತದೊಳಗೆ ಇದೆಯೇ, ಮನೆ ಕೊಂಡ ಮೇಲೂ ಒಂದೆರಡು ವರ್ಷದ ಕಂತು ಕಟ್ಟುವಷ್ಟು ಹಣ ಕೈಯಲ್ಲಿ ಉಳಿಯುತ್ತದೆಯೇ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಇದ್ದುದನ್ನೆಲ್ಲ ಮುಂಗಡಕ್ಕೆ ಸುರಿದವರ ಅರ್ಜಿ ಬಿದ್ದುಹೋಗುತ್ತದೆ. ನಾನು 20 ಪ್ರತಿಶತ, ಅಂದರೆ 77,000 ಡಾಲರ್ ಮಾತ್ರ ಕೈಯಿಂದ ಹಾಕಿ ಉಳಿತಾಯವನ್ನು ಮುಟ್ಟದೆ ಇಟ್ಟುಕೊಂಡೆ. ಒಂದು ಅನುಕೂಲವೂ ಇದೆ: ಕೋ-ಆಪ್‌ನಲ್ಲಿ ಕೊಳ್ಳುವುದು ಷೇರುಗಳನ್ನಾದ್ದರಿಂದ ನ್ಯೂಯಾರ್ಕಿನ ಅಡಮಾನ ನೋಂದಣಿ ತೆರಿಗೆ ಬೀಳುವುದಿಲ್ಲ.

ಮಂಡಳಿಯ ಸಂದರ್ಶನ ನಡೆದದ್ದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ. ಇಪ್ಪತ್ತು ನಿಮಿಷ. ನಾಯಿ ಇದೆಯೇ, ಗೋಡೆ ಒಡೆಸುವ ಯೋಚನೆ ಇದೆಯೇ ಎಂದು ಕೇಳಿದರು. ಕಡಿಮೆ ಮಾತನಾಡಿ ಎಂದು ವಕೀಲರು ಎಚ್ಚರಿಸಿದ್ದರು. ಆದರೆ ವಯಸ್ಸಾದ ಮಹಿಳೆಯೊಬ್ಬರು ‘ಮಹಾಸಭೆಗೆ ಬರುತ್ತೀರಾ?’ ಎಂದು ಕೇಳಿದಾಗ ಅಪ್ಪನ ವಿಷಯ ಹೇಳದೆ ಇರಲಾಗಲಿಲ್ಲ.

2019ರ ಫೆಬ್ರುವರಿಯಲ್ಲಿ ಕೀಲಿ ಕೈಗೆ ಬಂತು. ತಿಂಗಳಿಗೆ 870 ಡಾಲರ್ ಶುಲ್ಕ. ಆಸ್ತಿ ತೆರಿಗೆ, ಕಟ್ಟಡದ ಸಾಲದ ಪಾಲು, ಬಿಸಿನೀರು, ಚಳಿಗಾಲದ ಶಾಖ, ಕೆಲಸಗಾರರ ಸಂಬಳ ಎಲ್ಲ ಅದರಲ್ಲೇ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಹಗಲಿನಲ್ಲಿ ಮನೆಯೊಳಗೆ ಕನಿಷ್ಠ 68 ಡಿಗ್ರಿ ಇರಬೇಕೆಂಬುದು ನಗರದ ನಿಯಮ. ರೇಡಿಯೇಟರ್ ಬುಸುಗುಟ್ಟತೊಡಗಿದರೆ ಅದರ ಪಕ್ಕದ ಮಣೆಯ ಮೇಲೆ ದೋಸೆ ಹಿಟ್ಟಿನ ಪಾತ್ರೆ ಇಡುತ್ತೇನೆ. ಜನವರಿಯಲ್ಲೂ ಬೆಳಗಾಗುವಷ್ಟರಲ್ಲಿ ಹಿಟ್ಟು ಉಕ್ಕಿರುತ್ತದೆ.

ಎರಡು ವರ್ಷದಿಂದ ನಾನೇ ಮಂಡಳಿಯ ಕಾರ್ಯದರ್ಶಿ. 25,000 ಚದರ ಅಡಿ ಮೀರಿದ ಕಟ್ಟಡಗಳು ಹೊರಬಿಡುವ ಹಸಿರುಮನೆ ಅನಿಲಗಳಿಗೆ ಮಿತಿ ಹಾಕಿರುವ ನಗರದ ಕಾನೂನು 2024ರಿಂದ ಜಾರಿಗೆ ಬಂದಿದೆ. ಹಾಗಾಗಿ ಈಗ ನಮ್ಮ ನಡಾವಳಿಯಲ್ಲೂ ಬಾಯ್ಲರ್ ಕಾಣಿಸಿಕೊಂಡಿದೆ. ‘ಮುಂದೂಡಲಾಗಿದೆ’ ಎಂದು ಬರೆಯಬೇಕಾಗಿ ಬಂದಾಗ ಎಲ್ಲಿಯವರೆಗೆ ಎಂಬ ದಿನಾಂಕವನ್ನೂ ಕೇಳಿ ಬರೆದುಕೊಳ್ಳುತ್ತೇನೆ. ಓಕ್ ಮರದ ಹಗ್ಗವನ್ನು ಕಳೆದ ಸಭೆಯ ತೀರ್ಮಾನದಂತೆ ಸಡಿಲಿಸಿ ಮತ್ತೆ ಬಿಗಿದರು. ಭಾನುವಾರ ಅದನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಕೋರಂ ಇತ್ತೇ?’ ಎಂದರು. ಏಳು ಜನರಲ್ಲಿ ಆರು ಜನ ಬಂದಿದ್ದರು ಎಂದೆ.