ನಕ್ಷೆ ಸರಿಸಿದರೂ ಗುರುತು ಜಾಗ ಬಿಡಬಾರದು: ಮಾಡುವುದು ಹೇಗೆ?

ಚಿತ್ರದುರ್ಗದ ಕೋಟೆಯ ನಕ್ಷೆ. ಕ್ಲಿಕ್ ಮಾಡಿದ ಕಡೆ ಪ್ಲಸ್ ಆಕಾರದ ಗುರುತು, ಅಂದರೆ ಕ್ರಾಸ್‌ಹೇರ್ ಬೀಳಬೇಕು. ನಮ್ಮೂರಿನ ಹುಡುಗ ಹುಡುಗಿಯರು ಕಾಲೇಜು ಪ್ರಾಜೆಕ್ಟ್‌ಗೆ ಇಂಥದ್ದನ್ನು ಮಾಡುವಾಗ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಸರಿಸದೇ ಇದ್ದಾಗ ಎಲ್ಲ ಸರಿ. ಸರಿಸಿ ಕ್ಲಿಕ್ ಮಾಡಿದರೆ ಗುರುತೇ ಕಾಣುವುದಿಲ್ಲ. ಪೈಥಾನ್‌ನ ಟಿಕಿಂಟರ್ (ಕಿಟಕಿ, ಗುಂಡಿಗಳನ್ನು ಪರದೆಯ ಮೇಲೆ ತರುವ ಸಲಕರಣೆ) ಹಿಡಿದು ಇದನ್ನು ಹೇಳುತ್ತೇನೆ. ಉಬುಂಟುವಿನಲ್ಲಿ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

1. ನಕ್ಷೆ

ಪಿಎನ್‌ಜಿ ಚಿತ್ರವನ್ನೇ ತೆಗೆದುಕೊಳ್ಳಿ. ಟಿಕಿಂಟರ್‌ನ ಫೋಟೋಇಮೇಜ್ ಜೆಪೆಗ್ ಓದುವುದಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದ ನಕ್ಷೆಯಂತೂ ಬೇಡವೇ ಬೇಡ, ಅಕ್ಷರಗಳೆಲ್ಲ ಕಲಸಿಹೋಗಿರುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತೆಗೆದಿದ್ದರೆ ಅವರ ಹೆಸರನ್ನು ನಕ್ಷೆಯ ಮೂಲೆಯಲ್ಲಿ ಹಾಕಲೇಬೇಕು.

ಫಂಕ್ಷನ್ ಒಳಗೆ ಚಿತ್ರ ತೆರೆದರೆ ಅದನ್ನು ಹೊರಗೊಂದು ಕಡೆ ಹಿಡಿದಿಡಿ. ಇಲ್ಲದಿದ್ದರೆ ಫಂಕ್ಷನ್ ಮುಗಿದ ಕೂಡಲೇ ಪೈಥಾನ್ ಚಿತ್ರವನ್ನು ಎಸೆದುಬಿಡುತ್ತದೆ, ಪರದೆ ಖಾಲಿ.

2. ಕ್ಯಾನ್ವಾಸ್, ಸ್ಕ್ರಾಲ್‌ಬಾರ್

ಕ್ಯಾನ್ವಾಸ್, ಅಂದರೆ ಚಿತ್ರ, ಗೆರೆ ಹಾಕುವ ಜಾಗ ಇಡಿ, ಎರಡು ಸ್ಕ್ರಾಲ್‌ಬಾರ್ ಜೋಡಿಸಿ. ಸ್ಕ್ರಾಲ್‌ರೀಜನ್‌ಗೆ (ಎಲ್ಲಿಯವರೆಗೆ ಸರಿಸಬಹುದು ಅನ್ನುವ ಗಡಿ) ಚಿತ್ರದ ಅಳತೆಯನ್ನೇ ಕೊಡಿ. ಕ್ಯಾನ್ವಾಸ್ ಮೇಲಿರುವ ಎಲ್ಲದರ ಅಳತೆ ಕೇಳಿ ಕೊಡುವ ಅಡ್ಡದಾರಿ ಬಹಳ ಜನರಿಗೆ ಇಷ್ಟ. ಆಮೇಲೆ ಅಂಚಿನಲ್ಲಿ ಗುರುತು ಹಾಕಿದಾಗ ಅದರ ತೋಳು ಹೊರಗೆ ಚಾಚುತ್ತದೆ, ಮತ್ತೆ ಅಳೆದಾಗ ನಕ್ಷೆಯ ಸುತ್ತ ಬಿಳಿ ಪಟ್ಟಿ ಸೇರಿಕೊಳ್ಳುತ್ತದೆ.

3. ಕ್ಲಿಕ್ ಬಿದ್ದ ಜಾಗ ಎಲ್ಲಿ?

ಇಲ್ಲಿ ನಿಧಾನವಾಗಿ ಓದಿ. ಕಿಟಕಿಯ ಹಿಂದೆ ದೊಡ್ಡ ಹಾಳೆಯೊಂದನ್ನು ಎಳೆದಾಡಿದಂತೆ ನಕ್ಷೆ ಸರಿಯುತ್ತದೆ. ಇವೆಂಟ್, ಅಂದರೆ ಕ್ಲಿಕ್ ಆದಾಗ ಬರುವ ಸುದ್ದಿ, ಕೊಡುವ ಎಕ್ಸ್, ವೈ (ಎಡದಿಂದ ಎಷ್ಟು, ಮೇಲಿನಿಂದ ಎಷ್ಟು) ಕಿಟಕಿಯ ಮೂಲೆಯಿಂದ ಅಳೆದದ್ದು. ಗೆರೆ ಎಳೆಯುವ ಕ್ಯಾನ್ವಾಸ್‌ಗೆ ಬೇಕಿರುವುದು ಹಾಳೆಯ ಮೂಲೆಯಿಂದ ಅಳೆದದ್ದು.

ಕಿಟಕಿ 600 ಅಗಲ, 400 ಎತ್ತರ. ನಕ್ಷೆ 3000 ಅಗಲ, 2400 ಎತ್ತರ ಅಂದುಕೊಳ್ಳಿ. ಅಕ್ಕ ತಂಗಿ ಹೊಂಡ ಕಾಣಲೆಂದು ಬಲಕ್ಕೆ 900, ಕೆಳಕ್ಕೆ 500 ಪಿಕ್ಸೆಲ್ ಸರಿಸಿದಿರಿ. ಹೊಂಡದ ಮೇಲೆ ಕ್ಲಿಕ್ ಮಾಡಿದಿರಿ. ಇವೆಂಟ್ 250, 150 ಅನ್ನುತ್ತದೆ. ಹೊಂಡ ನಿಜಕ್ಕೂ ಇರುವುದು 1150, 650ರಲ್ಲಿ. ಇವೆಂಟ್ ಹೇಳಿದ್ದನ್ನೇ ನಂಬಿ ಗೆರೆ ಎಳೆದರೆ ಗುರುತು ನಕ್ಷೆಯ ಎಡ ಮೇಲ್ಗಡೆ, ಕಣ್ಣಿಗೆ ಬೀಳದ ಕಡೆ ಹೋಗಿ ಕೂರುತ್ತದೆ. ಗೆರೆಯೇ ಬಂದಿಲ್ಲ ಅಂದುಕೊಂಡು ಬಣ್ಣ, ದಪ್ಪ ಬದಲಿಸುತ್ತಾ ಸಂಜೆಯೆಲ್ಲ ಕಳೆಯುವವರನ್ನು ನೋಡಿದ್ದೇನೆ.

ಪರಿಹಾರ ಎರಡೇ ಎರಡು ಕರೆ. ಇವೆಂಟ್‌ನ ಎಕ್ಸ್ ಅನ್ನು ಕ್ಯಾನ್ವಾಸ್‌ಎಕ್ಸ್‌ಗೆ, ವೈ ಅನ್ನು ಕ್ಯಾನ್ವಾಸ್‌ವೈಗೆ ಕೊಡಿ. ಹಾಳೆಯ ಮೂಲೆಯಿಂದ ಅಳೆದದ್ದು ಸಿಗುತ್ತದೆ. ಆ ಉತ್ತರವನ್ನೇ ಮುಂದೆ ಎಲ್ಲ ಕಡೆ ಬಳಸಿ. ಸ್ಕ್ರಾಲ್‌ಬಾರ್ ಎಷ್ಟು ಸರಿದಿದೆ ಅಂತ ಕೇಳಿ, ನಕ್ಷೆಯ ಅಗಲದಿಂದ ಗುಣಿಸಿ ಕೂಡುವ ದಾರಿಯೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಸ್ಕ್ರಾಲ್‌ರೀಜನ್ ಸೊನ್ನೆಯಿಂದ ಶುರುವಾಗದಿದ್ದರೆ ಆ ಲೆಕ್ಕ ಕೆಡುತ್ತದೆ.

ಸುಮ್ನೆ ಸರಿಸದ ನಕ್ಷೆಯ ಮೇಲೆ ಕ್ಲಿಕ್ ಮಾಡಿ "ಕೆಲಸ ಮಾಡ್ತಿದೆ" ಅನ್ನಬೇಡಿ. ಸರಿಸದಿದ್ದಾಗ ಎರಡೂ ಅಳತೆ ಒಂದೇ ಅಲ್ವಾ, ತಪ್ಪು ಕೋಡ್ ಕೂಡ ಸರಿಯಾಗಿಯೇ ಕಾಣುತ್ತದೆ.

4. ಗುರುತು ಬರೆಯುವುದು

ನಡುವೆ ಖಾಲಿ ಬಿಡಿ. ಒನಕೆ ಓಬವ್ವನ ಕಿಂಡಿ ನಕ್ಷೆಯಲ್ಲಿ ಎಷ್ಟು ಸಣ್ಣದಾಗಿರುತ್ತದೆ, ಯೋಚಿಸಿ. ಅದರ ಮೇಲೆ ದಪ್ಪ ಚುಕ್ಕೆ ಇಟ್ಟರೆ ತೋರಿಸಬೇಕಾದದ್ದೇ ಮುಚ್ಚಿಹೋಗುತ್ತದೆ. ನಡುಬಿಂದುವಿನಿಂದ 4 ಪಿಕ್ಸೆಲ್ ಬಿಟ್ಟು, ನಾಲ್ಕೂ ದಿಕ್ಕಿಗೆ 12 ಪಿಕ್ಸೆಲ್ ಉದ್ದದ ತೋಳು ಸಾಕು. ವೈ ಕೆಳಮುಖವಾಗಿ ಹೆಚ್ಚುತ್ತದೆ ಅನ್ನುವುದು ನೆನಪಿರಲಿ.

ಪ್ರತಿ ತೋಳನ್ನೂ ಎರಡು ಸಲ ಎಳೆಯಿರಿ. ಮೊದಲು 3 ಪಿಕ್ಸೆಲ್ ದಪ್ಪದ ಬಿಳಿ ಗೆರೆ, ಅದರ ಮೇಲೆ 1 ಪಿಕ್ಸೆಲ್‌ನ ಕೆಂಪು. ಬರೀ ಕೆಂಪು ಗೆರೆ ಕಂದು ಬಣ್ಣದ ಬಂಡೆಗಳ ಮೇಲೆ ಕರಗಿಹೋಗುತ್ತದೆ, ಬರೀ ಬಿಳಿ ಗೆರೆ ರಸ್ತೆಯ ಮೇಲೆ ಕಾಣುವುದಿಲ್ಲ.

5. ಎರಡನೇ ಕ್ಲಿಕ್

ಎಂಟೂ ಗೆರೆಗಳಿಗೆ ಒಂದೇ ಟ್ಯಾಗ್ (ಗುರುತಿಸಲು ಇಡುವ ಹೆಸರು) ಕೊಟ್ಟಿರಿ. ಹೊಸ ಕ್ಲಿಕ್ ಬಂದಾಗ ಆ ಟ್ಯಾಗ್ ಇರುವುದನ್ನು ಮಾತ್ರ ಅಳಿಸಿ, ಹೊಸದಾಗಿ ಬರೆಯಿರಿ. ಅವಸರದಲ್ಲಿ "ಆಲ್" ಅಂತ ಕೊಟ್ಟರೆ ನಕ್ಷೆಯೂ ಹೋಗುತ್ತದೆ. ನಕ್ಷೆಯನ್ನು ಮತ್ತೆ ಹಾಕುವ ಪ್ರಸಂಗ ಬಂದರೆ ಅದು ಗುರುತಿನ ಮೇಲೆ ಕೂರುತ್ತದೆ. ಟ್ಯಾಗ್‌ರೈಸ್ ಕೊಟ್ಟು ಗುರುತನ್ನು ಮೇಲೆ ತನ್ನಿ.

ಈಗ ಪರೀಕ್ಷೆ. ನಕ್ಷೆಯನ್ನು ಬಲ ಕೆಳಮೂಲೆಗೆ ಒಯ್ಯಿರಿ, ಯಾವುದಾದರೂ ಹೆಸರಿನ ಮೊದಲಕ್ಷರದ ಮೇಲೆ ಕ್ಲಿಕ್ ಮಾಡಿ, ಎಡ ಮೇಲ್ಮೂಲೆಗೆ ಹೋಗಿ ವಾಪಸ್ ಬನ್ನಿ. ಗುರುತು ಅದೇ ಅಕ್ಷರದ ಮೇಲಿರಬೇಕು. ಕಿಟಕಿಯನ್ನು ಚಿಕ್ಕದು ದೊಡ್ಡದು ಮಾಡಿ ಇನ್ನೊಮ್ಮೆ ನೋಡಿ. ಜಾಗವನ್ನು ಫೈಲ್‌ಗೆ ಬರೆದಿಡುವುದಾದರೆ ಕ್ಯಾನ್ವಾಸ್‌ಎಕ್ಸ್, ಕ್ಯಾನ್ವಾಸ್‌ವೈ ಕೊಟ್ಟ ಅಂಕಿಗಳನ್ನೇ ಬರೆಯಿರಿ. ಇವೆಂಟ್‌ನ ಅಂಕಿ ಬರೆದಿಟ್ಟರೆ ನಾಳೆ ತೆರೆದಾಗ ಅದರಿಂದ ಹೊಂಡವನ್ನೂ ಹುಡುಕಲಾಗದು, ಕಿಂಡಿಯನ್ನೂ ಹುಡುಕಲಾಗದು.